ಅರ್ಜಿಯಲ್ಲಿ ಖಾಲಿ ಉಳಿದ ಸಾಲು

ಹೋದ ವಾರ ರಾತ್ರಿ ಹನ್ನೊಂದೂವರೆಗೆ ಒಂದು ಮೆಸೇಜ್ ಬಂತು. ಪರಿಚಯವಿಲ್ಲದ ಹುಡುಗಿ. "ಅಕ್ಕಾ, ನಾನೂ ಹೊರಗೆ ಬಂದೆ. ಇವತ್ತಿಗೆ ಆರು ದಿನ. ಈಗೇನು ಮಾಡಬೇಕು ಅಂತ ಗೊತ್ತಾಗ್ತಿಲ್ಲ." ಅಷ್ಟೇ. ಯಾವ ಪಂಗಡ, ಯಾಕೆ ಬಿಟ್ಟಳು, ಒಂದೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. "ಹೊರಗೆ" ಅನ್ನುವ ಪದವನ್ನು ಅವಳು ಬಳಸಿದ ರೀತಿಯಲ್ಲೇ ಎಲ್ಲ ತಿಳಿಯಿತು. ನಾವು ಬೆಳೆದಂಥ ಕಡೆ ಜಗತ್ತಿಗೆ ಇರುವುದು ಎರಡೇ ಭಾಗ. ಒಳಗೆ, ಹೊರಗೆ.

ಉತ್ತರ ಬರೆದೆ, ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಅವಳ ಪ್ರೊಫೈಲ್ ತೆರೆದು ನೋಡಿದರೆ ಆಗಲೇ ಹತ್ತಾರು ಜನ "ಅಭಿನಂದನೆಗಳು", "ಇನ್ನು ನೀನು ಸ್ವತಂತ್ರ ಹಕ್ಕಿ" ಅಂತ ಬರೆದಿದ್ದರು. ಒಂಬತ್ತು ವರ್ಷದ ಹಿಂದೆ ನನಗೂ ಹೀಗೇ ಹೇಳಿದವರಿದ್ದರು. ಅವರ ಪ್ರೀತಿಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ಆ ಮಾತು ಓದಿದ ರಾತ್ರಿ ನಾನು ಅತ್ತಷ್ಟು ಬೇರೆ ಯಾವತ್ತೂ ಅತ್ತಿಲ್ಲ. ಅದು ಯಾಕೆ ಅನ್ನುವುದನ್ನು ಇವತ್ತು ಬರೆಯಬೇಕು ಅನ್ನಿಸಿದೆ. ಬಿಟ್ಟು ಬಂದವರಿಗಿಂತ, ಅವರ ಅಕ್ಕಪಕ್ಕ ಇರುವ ನಿಮಗಾಗಿ.

ಹೊರಗೆ ಬಂದ ಎರಡನೇ ವಾರ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಮೊದಲ ದಿನ ತುಂಬಿಸಲು ಒಂದು ಅರ್ಜಿ ಕೊಟ್ಟರು. ಹೆಸರು, ಹುಟ್ಟಿದ ದಿನ, ವಿಳಾಸ ಎಲ್ಲ ಬರೆದೆ. ಕೆಳಗಡೆ "ತುರ್ತು ಸಂದರ್ಭದಲ್ಲಿ ಸಂಪರ್ಕಿಸಬೇಕಾದವರು" ಅಂತ ಒಂದು ಸಾಲು, ಅದರ ಪಕ್ಕ "ಸಂಬಂಧ", ಅದರ ಪಕ್ಕ ಫೋನ್ ನಂಬರ್. ಅಪ್ಪ ಅಮ್ಮ ಇಬ್ಬರೂ ಬದುಕಿದ್ದಾರೆ. ಒಬ್ಬಳು ಅಕ್ಕ, ಇಬ್ಬರು ತಮ್ಮಂದಿರು. ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳನ್ನು ಸೇರಿಸಿದರೆ ಒಂದು ದೊಡ್ಡ ಹಾಲ್ ತುಂಬುತ್ತದೆ. ಎಲ್ಲರ ನಂಬರೂ ನನಗೆ ಬಾಯಿಪಾಠ. ಒಂದನ್ನೂ ಬರೆಯುವಂತಿಲ್ಲ. ನಾನು ರಸ್ತೆಯಲ್ಲಿ ಬಿದ್ದಿದ್ದೇನೆ ಅಂತ ಯಾರಾದರೂ ಫೋನ್ ಮಾಡಿದರೆ ಅವರು ಎತ್ತಿ, ನನ್ನ ಹೆಸರು ಕೇಳಿ, ಇಡಬೇಕು. ಅದು ನಿಯಮ. ಪೆನ್ನು ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ. ಎದುರಿಗಿದ್ದ ಗುಮಾಸ್ತರು, "ಯಾರದಾದ್ರೂ ಹಾಕಿ ಮೇಡಂ, ಸುಮ್ನೆ ಇರ್ಲಿ ಅಂತ" ಅಂದರು. ಒಂಬತ್ತು ದಿನದಿಂದ ಗೊತ್ತಿದ್ದ ಮನೆ ಓನರ್ ಆಂಟಿಯ ನಂಬರ್ ಹಾಕಿದೆ. "ಸಂಬಂಧ" ಖಾಲಿ ಬಿಟ್ಟೆ.

ಧರ್ಮ ಬಿಡುವುದು ಅಂದರೆ ದೇವರ ಬಗ್ಗೆ ಅಭಿಪ್ರಾಯ ಬದಲಾಗುವುದು ಅಂತ ಬಹಳ ಜನ ತಿಳಿದಿದ್ದಾರೆ. ನನ್ನ ವಿಷಯದಲ್ಲಂತೂ ದೇವರ ಪ್ರಶ್ನೆ ಇನ್ನೂ ತೀರ್ಮಾನವಾಗಿಲ್ಲ. ನಾನು ಕಳೆದುಕೊಂಡಿದ್ದು ಆ ಒಂದು ಸಾಲು.

ಒಳಗೆ ನಮಗೆ ಏನೇನು ಇತ್ತು ಅನ್ನುವುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ನನಗೆ ಹದಿನಾಲ್ಕು ವರ್ಷವಿದ್ದಾಗ ಅಮ್ಮನಿಗೆ ಆಪರೇಷನ್ ಆಯಿತು. ಒಂದು ತಿಂಗಳು ನಮ್ಮ ಮನೆಯಲ್ಲಿ ಒಲೆ ಹಚ್ಚುವ ಪ್ರಸಂಗವೇ ಬರಲಿಲ್ಲ. ಯಾರ ಮನೆಯಿಂದ ಯಾವತ್ತು ಊಟ ಬರಬೇಕು ಅಂತ ಹೆಂಗಸರು ತಾವೇ ಪಟ್ಟಿ ಮಾಡಿಕೊಂಡಿದ್ದರು. ರಾತ್ರಿ ಆಸ್ಪತ್ರೆಯಲ್ಲಿ ಸರದಿಯ ಮೇಲೆ ಒಬ್ಬರು ಇರುತ್ತಿದ್ದರು. ಅದೇ ಹೆಂಗಸರು ಹನ್ನೆರಡು ವರ್ಷದ ನಂತರ ನನ್ನನ್ನು ಕಂಡು ಮುಖ ತಿರುಗಿಸಿದರು. ಎರಡೂ ನಿಜ. ಮೊದಲನೆಯದು ನಾಟಕ, ಎರಡನೆಯದೇ ಅಸಲಿ ಅಂತ ಹೇಳುವವರನ್ನು ನಾನು ಒಪ್ಪುವುದಿಲ್ಲ. ಆ ಊಟದಲ್ಲಿ ಪ್ರೀತಿ ಇತ್ತು. ಅದಕ್ಕೊಂದು ಷರತ್ತೂ ಇತ್ತು, ಮುರಿಯುವ ತನಕ ಅದು ಯಾರ ಕಣ್ಣಿಗೂ ಬೀಳುವಂಥದ್ದಲ್ಲ.

ಅಕ್ಕನ ವಿಷಯ ಹೇಳುತ್ತೇನೆ. ಬಿಟ್ಟು ಬಂದ ಮೂರನೇ ವರ್ಷ ಬಸ್‌ ಸ್ಟಾಪಿನಲ್ಲಿ ಅವಳು ಎದುರಾದಳು. ಕೈಯಲ್ಲಿ ಮಗು, ನಾನು ನೋಡಿರದ ಮಗು. ನಾಲ್ಕೈದು ಹೆಜ್ಜೆ ದೂರ. ಅವಳ ತುಟಿ ಅಲುಗಿತು. ಆಮೇಲೆ ಎಡಕ್ಕೆ, ಬಲಕ್ಕೆ ನೋಡಿದಳು, ನಮ್ಮವರು ಯಾರಾದರೂ ಇದ್ದಾರಾ ಅಂತ. ಸೆರಗು ಎಳೆದುಕೊಂಡು ರಸ್ತೆ ದಾಟಿಬಿಟ್ಟಳು. ಮಗು ಮಾತ್ರ ಅವಳ ಹೆಗಲ ಮೇಲಿಂದ ನನ್ನನ್ನೇ ನೋಡುತ್ತಿತ್ತು. ಎಷ್ಟೋ ತಿಂಗಳು ಅವಳ ಮೇಲೆ ಸಿಟ್ಟಿತ್ತು. ನಿಧಾನಕ್ಕೆ ಅರ್ಥವಾಯಿತು, ಅವಳ ಕಣ್ಣಲ್ಲಿ ಕಂಡದ್ದು ಭಯ. ನನ್ನ ಜೊತೆ ಮಾತಾಡಿದ್ದನ್ನು ಯಾರಾದರೂ ನೋಡಿದ್ದರೆ ಹಿರಿಯರ ಮುಂದೆ ನಿಲ್ಲಬೇಕಾದವಳು ಅವಳು. ನಾನು ಹೇಗೂ ಹೋದವಳು, ನನಗೆ ಇನ್ನೇನು ಮಾಡಿಯಾರು? ಬಹಿಷ್ಕಾರದ ಕಟ್ಟು ನಿಜವಾಗಿ ಬಿಗಿಯುವುದು ಒಳಗೆ ಉಳಿದವರ ಕೊರಳಿಗೆ. ಹೋದವಳ ಗತಿ ನೋಡಿ, ಇದ್ದವರು ಸುಮ್ಮನಿರಬೇಕು.

ಇದು ನಮ್ಮ ಪಂಗಡದ ಕತೆ ಮಾತ್ರ ಅಂದುಕೊಂಡಿದ್ದೆ. ಓದುತ್ತ ಹೋದಂತೆ ಗೊತ್ತಾಯಿತು, ಹೆಸರು ಬೇರೆ, ರೀತಿ ಒಂದೇ. ಅಮೆರಿಕದ ಆಮಿಷ್ ಅನ್ನುವ ಕ್ರೈಸ್ತ ಪಂಗಡದ ಜನರಲ್ಲಿ ದೀಕ್ಷೆ ಪಡೆದ ಮೇಲೆ ಬಿಟ್ಟು ಹೋದವರ ಜೊತೆ ಒಂದೇ ಮೇಜಿನಲ್ಲಿ ಊಟ ಮಾಡದಿರುವ ಕಟ್ಟಳೆ ಉಂಟು. ಬೇರೆ ಕೆಲವು ಕ್ರೈಸ್ತ ಪಂಥಗಳಲ್ಲಿ, ಕಟ್ಟಾ ಸಂಪ್ರದಾಯದ ಯಹೂದಿಗಳಲ್ಲಿ, ನಮ್ಮ ದೇಶದ ಜಾತಿ ಪಂಚಾಯಿತಿಗಳಲ್ಲಿ ಇದರದ್ದೇ ಬೇರೆ ಬೇರೆ ರೂಪ. ಹೀಗೆ ಹೊರಗಿಟ್ಟಾಗ ಒಳಗೇನಾಗುತ್ತದೆ ಅಂತ ನೋಡಲು 2003ರಲ್ಲಿ ಐಸೆನ್‌ಬರ್ಗರ್ ಅನ್ನುವ ಮನೋವಿಜ್ಞಾನಿ ಮತ್ತವರ ಜೊತೆಗಾರರು ಒಂದು ಪ್ರಯೋಗ ಮಾಡಿದರು. ಕಂಪ್ಯೂಟರಿನಲ್ಲಿ ಚೆಂಡು ಎಸೆಯುವ ಆಟ. ಸ್ವಲ್ಪ ಹೊತ್ತಾದ ಮೇಲೆ ಉಳಿದವರು ಪ್ರಯೋಗಕ್ಕೆ ಬಂದವರ ಕಡೆ ಚೆಂಡು ಎಸೆಯುವುದನ್ನೇ ನಿಲ್ಲಿಸುತ್ತಾರೆ. ಆಗ ಅವರ ಮೆದುಳಿನ ಸ್ಕ್ಯಾನ್ ನೋಡಿದರೆ, ಮೈಗೆ ನೋವಾದಾಗ ಚುರುಕಾಗುವ ಭಾಗವೊಂದು ಚುರುಕಾಗಿತ್ತು. ಆ ಭಾಗಕ್ಕೆ ಬೇರೆ ಕೆಲಸಗಳೂ ಇವೆ ಅನ್ನುವ ಚರ್ಚೆ ವಿಜ್ಞಾನಿಗಳಲ್ಲಿ ನಡೆದಿದೆ, ಇರಲಿ. ಗುರುತಿಲ್ಲದವರು, ಕೆಲವೇ ನಿಮಿಷದ ಆಟ, ಒಂದು ಚೆಂಡು. ಅದಕ್ಕೇ ಅಷ್ಟು. ಅಜ್ಜಿ ತೀರಿಕೊಂಡಿದ್ದು ಎಲ್ಲ ಮುಗಿದು ಎಷ್ಟೋ ದಿನವಾದ ಮೇಲೆ ಮೂರನೆಯವರ ಬಾಯಿಂದ ಗೊತ್ತಾದಾಗ ಏನಾಗಬೇಡ?

"ಕಾನೂನಿಲ್ವಾ?" ಅಂತ ಕೇಳುತ್ತಾರೆ. ಇದೆ. ಧರ್ಮವನ್ನು, ನಂಬಿಕೆಯನ್ನು ಬದಲಿಸುವ ಹಕ್ಕು ಎಲ್ಲರಿಗೂ ಇದೆ ಅಂತ ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆಯ 18ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ನಮ್ಮಲ್ಲಿ ಬಹಿಷ್ಕಾರವನ್ನು ತಡೆಯಲು ಬಾಂಬೆ ಪ್ರಾಂತ್ಯ 1949ರಲ್ಲೇ ಕಾಯ್ದೆ ತಂದಿತ್ತು. 1962ರಲ್ಲಿ ದಾವೂದಿ ಬೋಹ್ರಾ ಅನ್ನುವ ಮುಸ್ಲಿಂ ಸಮುದಾಯದ ಧರ್ಮಗುರುಗಳು ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆಗಿನ ಮುಖ್ಯ ನ್ಯಾಯಮೂರ್ತಿ ಬಿ. ಪಿ. ಸಿನ್ಹಾ ಅವರದ್ದು ಮಾತ್ರ ಭಿನ್ನಮತ. ಆ ತೀರ್ಪನ್ನು ಮರುಪರಿಶೀಲಿಸಬೇಕೇ ಅನ್ನುವ ಪ್ರಶ್ನೆಯನ್ನು 2023ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿದ್ದಾರೆ. ಮಹಾರಾಷ್ಟ್ರದಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ 2016ರ ಪ್ರತ್ಯೇಕ ಕಾಯ್ದೆಯೇ ಇದೆ. ಇವೆಲ್ಲ ಬೇಕು, ಇನ್ನೂ ಗಟ್ಟಿಯಾಗಬೇಕು. ಬಾಡಿಗೆ ಮನೆ ಬಿಡಿಸುವುದನ್ನು, ಕೆಲಸ ಕಿತ್ತುಕೊಳ್ಳುವುದನ್ನು ಕಾನೂನು ತಡೆಯಬಲ್ಲದು. ಅಕ್ಕ ನನ್ನ ಜೊತೆ ಮಾತಾಡಲೇಬೇಕು ಅಂತ ಯಾವ ಕೋರ್ಟೂ ಹೇಳಲಾರದು. ಹೇಳಲೂಬಾರದು.

ಹೊಸಬದುಕು ಕಟ್ಟಿಕೊಳ್ಳುವುದು ಅಂದರೆ ಏನು ಅಂತ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಮೊದಲ ಸಂಬಳ ಬಂದ ದಿನ ಬಟ್ಟೆ ಅಂಗಡಿಗೆ ಹೋದೆ. "ಯಾವ ಬಣ್ಣ ತೋರಿಸ್ಲಿ?" ಅಂತ ಕೇಳಿದರು. ಇಪ್ಪತ್ತಾರು ವರ್ಷ ನಾನು ಉಟ್ಟಿದ್ದು ಎರಡೇ ಬಣ್ಣ, ಅದೂ ಬೇರೆಯವರು ಗೊತ್ತು ಮಾಡಿದ್ದು. ಯಾವುದಿಷ್ಟ ಅಂತ ನನ್ನೊಳಗೆ ಹುಡುಕಿದೆ. ಏನೂ ಸಿಗಲಿಲ್ಲ. ನಿಷೇಧಿಸಿದ ಬಣ್ಣದ ಮೇಲಿನ ಆಸೆಯೂ ಇಲ್ಲ, ಭಯವೂ ಇಲ್ಲ, ಬರೀ ಖಾಲಿ. ಏನೂ ಕೊಳ್ಳದೆ ವಾಪಸ್ ಬಂದೆ. ನನಗೆ ಸಾಸಿವೆ ಹಳದಿ ಇಷ್ಟ ಅಂತ ಗೊತ್ತಾಗಲು ಮೂರು ವರ್ಷ ಹಿಡಿಯಿತು. ಬೆಳಗಿನ ಪ್ರಾರ್ಥನೆಗೆ ಏಳುವ ಅಭ್ಯಾಸವಂತೂ ಇನ್ನೂ ಬಿಟ್ಟಿಲ್ಲ. ನಾಲ್ಕೂಕಾಲಿಗೆ ಕಣ್ಣು ತಾನಾಗೇ ಬಿಡುತ್ತದೆ, ಎದೆ ಡವಡವ ಅನ್ನುತ್ತದೆ, ತಡವಾಯಿತು ಅನ್ನುವ ಹಾಗೆ.

ಹೆಲೆನ್ ರೋಸ್ ಫುಕ್ಸ್ ಇಬಾ ಅನ್ನುವ ಸಮಾಜಶಾಸ್ತ್ರಜ್ಞೆ ಇದರ ಬಗ್ಗೆ ಬರೆದಿದ್ದಾರೆ. ಅವರೇ ಒಂದು ಕಾಲದಲ್ಲಿ ಕ್ರೈಸ್ತ ಸನ್ಯಾಸಿನಿಯಾಗಿದ್ದು ಬಿಟ್ಟು ಬಂದವರು. ಬದುಕಿನ ದೊಡ್ಡ ಪಾತ್ರಗಳಿಂದ ಹೊರಬಂದವರನ್ನು ಮಾತಾಡಿಸಿ 1988ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಮೊದಲು ಸಂಶಯ, ಆಮೇಲೆ ಬೇರೆ ದಾರಿಗಳ ಹುಡುಕಾಟ, ಆಮೇಲೆ ಬಿಡುವ ಗಳಿಗೆ. ಅಲ್ಲಿಗೆ ಮುಗಿಯುವುದಿಲ್ಲ. "ಹಿಂದೆ ಅದಾಗಿದ್ದವರು" ಅನ್ನುವುದೇ ಒಂದು ಹೊಸ ಗುರುತಾಗುತ್ತದೆ, ಅದನ್ನೂ ರೂಪಿಸಿಕೊಳ್ಳಬೇಕು, ಹಳೆಯ ಪಾತ್ರದ ಶೇಷ ಒಳಗೆ ಉಳಿದೇ ಇರುತ್ತದೆ ಅನ್ನುತ್ತಾರೆ. ಇದನ್ನು ಓದಿದ ದಿನ ಆ ನಾಲ್ಕೂಕಾಲಿನ ಬಗ್ಗೆ ಇದ್ದ ನಾಚಿಕೆ ಹೋಯಿತು.

ಇನ್ನೊಂದು, ಭಾಷೆ. ನಮ್ಮಲ್ಲಿ ಯಾವ ಪ್ರಶ್ನೆ ಕೇಳಿದರೂ ಒಂದೇ ಉತ್ತರ: "ಸಂಶಯ ಅಹಂಕಾರದ ಮಗು." ಅಲ್ಲಿಗೆ ಮಾತು ಬಂದ್. ರಾಬರ್ಟ್ ಜೇ ಲಿಫ್ಟನ್ ಅನ್ನುವ ಮನೋವೈದ್ಯರು 1961ರಲ್ಲೇ ಇಂಥ ಸಿದ್ಧವಾಕ್ಯಗಳನ್ನು ಗುರುತಿಸಿದ್ದರು, ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿಬಿಡುವ ಮಾತುಗಳು. ಹೊರಗೆ ಬಂದ ಮೇಲೂ ನನ್ನ ತಲೆಯಲ್ಲಿ ಅದು ಓಡುತ್ತಿತ್ತು. ಆಫೀಸಿನಲ್ಲಿ ಲೆಕ್ಕ ತಪ್ಪಾಗಿದೆ ಅನ್ನಿಸಿದರೂ ಹೇಳಲು ಬಾಯಿ ಬರುತ್ತಿರಲಿಲ್ಲ. ಅನುಮಾನ ಪಡುವುದು ಒಂದು ಕೆಲಸ, ಅದಕ್ಕೆ ಸಂಬಳ ಕೊಡುತ್ತಾರೆ ಅಂತ ಕಲಿಯಲು ಎಷ್ಟು ಕಾಲ ಬೇಕಾಯಿತು!

ಓದಿನ ಮಾತು ಬಂದರೆ ಈಗಲೂ ಹೊಟ್ಟೆ ಉರಿಯುತ್ತದೆ. ಎಂಟನೇ ಕ್ಲಾಸಿಗೆ ನನ್ನನ್ನು ಬಿಡಿಸಿದ್ದರು. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆಮಿಷ್ ಪೋಷಕರ ಪರವಾಗಿ, ಎಂಟನೇ ತರಗತಿಯ ನಂತರ ಮಕ್ಕಳನ್ನು ಶಾಲೆಗೆ ಕಳಿಸಲೇಬೇಕೆಂದು ಒತ್ತಾಯಿಸುವಂತಿಲ್ಲ ಅಂತ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಡಗ್ಲಸ್ ಒಬ್ಬರೇ ಭಾಗಶಃ ಭಿನ್ನ ಅಭಿಪ್ರಾಯ ಬರೆದರು, ಮಕ್ಕಳನ್ನೂ ಕೇಳಬೇಕಲ್ಲ ಅಂತ. ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಗಣಿತ ಓದುತ್ತೇನೆ ಅನ್ನುತ್ತಿದ್ದೆ. ಇಪ್ಪತ್ತೆಂಟನೇ ವಯಸ್ಸಿಗೆ ಖಾಸಗಿಯಾಗಿ ಹತ್ತನೇ ಕ್ಲಾಸಿನ ಪರೀಕ್ಷೆ ಕಟ್ಟಿದೆ. ಮಕ್ಕಳ ಮಧ್ಯೆ ಆ ಬೆಂಚಿನಲ್ಲಿ ಕೂತಾಗ ಕೈ ನಡುಗುತ್ತಿತ್ತು. ಮನೆ ಓನರ್ ಆಂಟಿ ಮೂರು ಗಂಟೆ ಗೇಟಿನ ಹೊರಗೆ ನಿಂತಿದ್ದರು.

ನಾನು ಹೇಳಬೇಕಾದದ್ದು ಇದು. ಬಿಟ್ಟು ಬಂದವರಿಗೆ ಬೇಕಾದ ಸಹಾಯ ಬಹಳ ಸಾಧಾರಣವಾದದ್ದು, ಅದಕ್ಕೇ ಯಾರ ಗಮನಕ್ಕೂ ಬರುವುದಿಲ್ಲ. ನ್ಯೂಯಾರ್ಕಿನಲ್ಲಿ 2003ರಲ್ಲಿ ಶುರುವಾದ ಫುಟ್‌ಸ್ಟೆಪ್ಸ್ ಅನ್ನುವ ಸಂಸ್ಥೆ ಕಟ್ಟಾ ಯಹೂದಿ ಸಮುದಾಯಗಳಿಂದ ಹೊರಬಂದವರ ಜೊತೆ ಕೆಲಸ ಮಾಡುತ್ತದೆ. ದೇವರಿದ್ದಾನೋ ಇಲ್ಲವೋ ಅನ್ನುವ ವಾದಕ್ಕೆ ಅವರು ಕೂರುವುದಿಲ್ಲ. ಓದು ಮುಂದುವರಿಸಲು, ಕೆಲಸ ಹುಡುಕಲು ನೆರವಾಗುತ್ತಾರೆ, ಇವರಂಥವರೇ ಸೇರಿ ಮಾತಾಡಲು ಜಾಗ ಕೊಡುತ್ತಾರೆ. ಇಸ್ರೇಲಿನಲ್ಲಿ ಹಿಲ್ಲೆಲ್ ಅನ್ನುವ ಸಂಸ್ಥೆ 1991ರಿಂದ ಇಂಥದೇ ಕೆಲಸದಲ್ಲಿದೆ. ನಮ್ಮ ಭಾಷೆಯಲ್ಲಿ, ನಮ್ಮ ನಡುವೆ ಇಂಥ ಜಾಗಗಳು ಬೇಕು. ಬರುವ ತನಕ ಆ ಜಾಗ ನಾವೇ ಆಗಬೇಕು.

ಯಾಕೆ ಬಿಟ್ಟೆ ಅಂತ ಮೊದಲ ದಿನವೇ ಕೇಳಬೇಡಿ. ಆ ಕತೆ ಅವರಿಗೇ ಇನ್ನೂ ಸ್ಪಷ್ಟವಾಗಿರುವುದಿಲ್ಲ. ಅವರ ತಂದೆತಾಯಿಯನ್ನು ಬಯ್ಯಬೇಡಿ, ಬಯ್ದರೆ ಅವರ ಪರ ವಹಿಸಬೇಕಾಗಿ ಬಂದು ನಿಮ್ಮಿಂದಲೂ ದೂರವಾಗುತ್ತಾರೆ. ನಿಮ್ಮ ದೇವರ ಕಡೆ ಕರೆಯಬೇಡಿ, ದೇವರಿಲ್ಲ ಅನ್ನುವ ಕಡೆಗೂ ಎಳೆಯಬೇಡಿ. ನನ್ನನ್ನು ಎರಡೂ ಕಡೆಯವರು ಎಳೆದರು. ಹೊಸದಾಗಿ ಹೊರಬಂದವರು ಹಸಿ ಮಣ್ಣಿದ್ದ ಹಾಗೆ, ಮೊದಲು ಕೈ ಇಟ್ಟವರ ಆಕಾರಕ್ಕೆ ಬಂದುಬಿಡುತ್ತಾರೆ. ಅಲ್ಲಿಂದ ಬಿಡಿಸಿಕೊಂಡವರು ಅಷ್ಟೇ ಬಿಗಿಯಾದ ಇನ್ನೊಂದು ಗುಂಪಿಗೆ, ಇಲ್ಲವೇ ಅಷ್ಟೇ ಬಿಗಿಯಾದ ಒಬ್ಬ ಮನುಷ್ಯನ ಕೈಗೆ ಸಿಕ್ಕಿದ್ದನ್ನು ಕಂಡಿದ್ದೇನೆ. ಒಂದು ವರ್ಷ ಏನನ್ನೂ ಸೇರಬೇಡ, ಯಾರನ್ನೂ ಮದುವೆಯಾಗಬೇಡ ಅಂತ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಕಟುವಾಗಿ ಕೇಳಿಸುತ್ತದೆ, ಆದರೂ ಹೇಳುತ್ತೇನೆ.

ಹಬ್ಬ, ರಜೆಯ ದಿನಗಳಲ್ಲಿ ಒಂದು ಫೋನ್ ಮಾಡಿ. ಉಳಿದ ದಿನ ಕೆಲಸದಲ್ಲಿ ಹೇಗೋ ಕಳೆಯುತ್ತದೆ, ಆ ದಿನಗಳು ಕಳೆಯುವುದಿಲ್ಲ. ಬ್ಯಾಂಕಿಗೆ ಜೊತೆಗೆ ಹೋಗಿ. ಜ್ವರ ಬಂದಾಗ ಬಾಗಿಲು ತಟ್ಟಿ.

ಕೊನೆಗೆ ಆ ಹುಡುಗಿಗೆ ಮೂರೇ ಪ್ರಶ್ನೆ ಬರೆದು ಕಳಿಸಿದೆ. ರಾತ್ರಿ ಮಲಗಲು ಸುರಕ್ಷಿತ ಜಾಗ ಇದೆಯಾ? ನಿನ್ನ ಕಾಗದಪತ್ರಗಳು ನಿನ್ನ ಕೈಯಲ್ಲೇ ಇವೆಯಾ? ಹುಷಾರು ತಪ್ಪಿದರೆ ಯಾರಿಗೆ ಫೋನ್ ಮಾಡ್ತೀಯ? ಮೊದಲೆರಡಕ್ಕೆ ತಕ್ಷಣ ಉತ್ತರ ಬಂತು. ಜಾಗ ಇದೆ ಅಕ್ಕಾ, ಗೆಳತಿಯ ರೂಮು. ಕಾಗದಪತ್ರ ಅರ್ಧ ಇವೆ, ಅರ್ಧ ಅಪ್ಪನ ಬೀರುವಿನಲ್ಲಿ. ಮೂರನೆಯದಕ್ಕೆ ಉತ್ತರ ಬರಲಿಲ್ಲ. ಮಾರನೆಯ ದಿನವೂ ಇಲ್ಲ. ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತಾಗ ಫೋನ್ ಕಿಣಿಗುಟ್ಟಿತು.

"ನಿಮ್ಮ ನಂಬರ್ ಹಾಕ್ಲಾ ಅಕ್ಕಾ?"