ಟ್ಯಾಬ್ ಹಾಕಿದರೆ ಮ್ಯಾಟ್ರಿಕ್ಸ್ ನೀಟಾಗಿ ಬರುತ್ತದೆಯೇ? ಒಂದು ಸ್ಪಷ್ಟನೆ

'ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮ್ಯಾಟ್ರಿಕ್ಸ್ (ಸಾಲು-ಕಾಲಮ್‌ಗಳಲ್ಲಿ ಜೋಡಿಸಿದ ಅಂಕಿಗಳು) ಪ್ರಿಂಟ್ ಮಾಡುವಾಗ ಅಂಕಿಗಳ ನಡುವೆ ಟ್ಯಾಬ್ ಹಾಕಿ ಸಾಕು, ಕಾಲಮ್‌ಗಳು ತಾನಾಗಿಯೇ ಸರಿಹೋಗುತ್ತವೆ' ಎಂಬ ಸಲಹೆ ಓಡಾಡುತ್ತಿದೆ. ಇದು ಪೂರ್ತಿ ನಿಜವಲ್ಲ.

ಟ್ಯಾಬ್‌ಗೆ ನಿಮ್ಮ ಕಾಲಮ್ ಯಾವುದು ಅಂತ ಗೊತ್ತಿಲ್ಲ. ಟರ್ಮಿನಲ್‌ನಲ್ಲಿ (ಪ್ರೋಗ್ರಾಮಿನ ಔಟ್‌ಪುಟ್ ಕಾಣುವ ಕಿಟಕಿ) ಸಾಮಾನ್ಯವಾಗಿ 8 ಅಕ್ಷರಕ್ಕೊಂದು ನಿಲ್ದಾಣ ಇರುತ್ತದೆ. ಟ್ಯಾಬ್ ಮುಂದಿನ ನಿಲ್ದಾಣಕ್ಕೆ ಹಾರುತ್ತದೆ, ಅಷ್ಟೇ. 3.14 ಬರೆದು ಟ್ಯಾಬ್ ಒತ್ತಿದರೆ ಮುಂದಿನ ಅಂಕಿ 8 ಜಾಗ ದಾಟಿ ಶುರು. ಕೆಳಗಿನ ಸಾಲಿನಲ್ಲಿ 12345.678 ಇದ್ದರೆ? ಅದೇ 9 ಅಕ್ಷರ ನುಂಗಿಬಿಟ್ಟಿತು, ಮುಂದಿನದು ಸೀದಾ 16 ಜಾಗ ದಾಟಿ ಹೋಗುತ್ತದೆ. ಸಾಲು ಕೆಟ್ಟಿತು ಅಲ್ವಾ? ಅಂಕಿಗಳೆಲ್ಲ ಚಿಕ್ಕವಿದ್ದಾಗಲೂ ಅವು ಎಡಕ್ಕೆ ಅಂಟಿಕೊಳ್ಳುತ್ತವೆ. ಹಾಗಾಗಿ 7.5 ಮತ್ತು 120.25ರ ಚುಕ್ಕಿಗಳು ಒಂದರ ಕೆಳಗೊಂದು ಬರುವುದಿಲ್ಲ.

ಸರಿಯಾದ ದಾರಿ ಅಗಲ ಹೇಳುವುದು. ಎಫ್-ಸ್ಟ್ರಿಂಗ್‌ನಲ್ಲಿ (ಪಠ್ಯದೊಳಗೆ ಬೆಲೆ ತುಂಬುವ ಪೈಥಾನ್ ವಿಧಾನ) ಅಂಕಿಯ ನಂತರ ಕೋಲನ್ ಹಾಕಿ, '10.2ಎಫ್' ಎಂದು ಬರೆಯಿರಿ (ಎಫ್ ಇಂಗ್ಲಿಷ್‌ನ ಚಿಕ್ಕಕ್ಷರ). ಒಟ್ಟು 10 ಜಾಗ, ಚುಕ್ಕಿಯ ನಂತರ 2 ಅಂಕಿ, ಎಲ್ಲವೂ ಬಲಕ್ಕೆ. ಸಿ ಭಾಷೆಯ ಪ್ರಿಂಟ್‌ಎಫ್‌ನಲ್ಲೂ ಇದೇ ಲೆಕ್ಕ.

ಒಂದು ಎಚ್ಚರ: ಈ 10 ಕನಿಷ್ಠ ಅಗಲ. ಅಂಕಿ ಅದಕ್ಕಿಂತ ಉದ್ದವಿದ್ದರೆ ಕತ್ತರಿಸುವುದಿಲ್ಲ, ಹೊರಗೆ ಚಾಚುತ್ತದೆ. ಅದಕ್ಕೇ ಮೊದಲು ಅತಿ ಉದ್ದದ ಅಂಕಿ ಹುಡುಕಿ, ಅದರಂತೆ ಅಗಲ ಇಡುವುದು ನನಗೆ ಜಾಸ್ತಿ ಇಷ್ಟ.

ಕಾಲಮ್ ಹೆಸರು ಕನ್ನಡದಲ್ಲಿದ್ದರೆ ಈ ಉಪಾಯವೂ ಎಡವುತ್ತದೆ. 'ಕ್ಷ' ಕಣ್ಣಿಗೆ ಒಂದೇ ಅಕ್ಷರ, ಪೈಥಾನ್ ಲೆಕ್ಕದಲ್ಲಿ 3 (ಕ, ್, ಷ).