ಬೀಗರಿಗೆ ಕೊಟ್ಟ ಬಿರುದು

ಮಗಳ ಮದುವೆಯ ಊಟದ ಮಾತುಕತೆಗೆ ಪುತ್ತೂರಿನಿಂದ ಬೀಗರು ಮೈಸೂರಿನ ನಮ್ಮ ಮನೆಗೇ ಬಂದಿದ್ದರು. ಖರ್ಚು ಅರ್ಧರ್ಧ, ಊಟ ಎಲೆ ಲೆಕ್ಕ. ಅಡುಗೆಯವರು ಕೊನೆಗೆ ಎಷ್ಟು ಎಲೆ ಅಂದರೆ ಅಷ್ಟಕ್ಕೆ ದುಡ್ಡು ಎಣಿಸಿ ಕೈಮುಗಿಯುವುದು ನಮ್ಮ ವಂಶದ ಸಂಪ್ರದಾಯ. ಬೀಗರು ಮಾತ್ರ ಅಡಿಕೆ ಕತ್ತರಿಸುತ್ತಾ ಮೆಲ್ಲಗೆ ಹೇಳಿದರು: "ಎಲೆ ನಮ್ಮ ತೋಟದ್ದೇ ತರ್ತೇನೆ. ಎಣಿಸಿ ಕೊಡ್ತೇನೆ, ಉಳಿದದ್ದು ಎಣಿಸಿ ತೆಕ್ಕೊಳ್ತೇನೆ."

"ಹರಿದುಹೋದ ಎಲೆ, ಸ್ವಾಮಿ?" ಅಂದರು ಅಡುಗೆಯವರು, ಕೊನೆಯ ಆಸೆಯಿಂದ.

"ಹರಿದದ್ದನ್ನು ತಂದು ತೋರ್ಸಿ ಮಾರಾಯ್ರೆ."

ಅಡುಗೆಯವರು ಹೆಗಲ ಟವೆಲಿನಿಂದ ಕತ್ತು ಒರೆಸಿಕೊಂಡರು. ನನಗೋ ಮೆಚ್ಚುಗೆ ಉಕ್ಕಿತು. ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ ಬಾಯಿ, ಸುಮ್ಮನಿರಬೇಕಲ್ಲ! "ನಮ್ಮ ಬೀಗರು ಬಹಳ ಶ್ರೂಡ್" ಅಂದುಬಿಟ್ಟೆ, ವ್ಯವಹಾರದಲ್ಲಿ ಯಾರಿಗೂ ಮೋಸಹೋಗದವರು ಅನ್ನುವ ಅರ್ಥದಲ್ಲಿ.

ಆರನೇ ಕ್ಲಾಸಿನ ಅವರ ಮೊಮ್ಮಗ ತಕ್ಷಣ ಮೊಬೈಲಿನಲ್ಲಿ ಹುಡುಕಿದ. ಒಂದಕ್ಷರ ಕಡಿಮೆ ಒತ್ತಿರಬೇಕು. "ಅಜ್ಜಾ, ಶ್ರೂ ಅಂದ್ರೆ ಸೊಂಡಿಲಿಯಂತೆ!" ಚಿತ್ರವೂ ಇತ್ತು: ಉದ್ದ ಮೂತಿ, ಸಾಸಿವೆಯಂಥ ಕಣ್ಣು. ಬೀಗರ ಮೂಗು ಸ್ವಲ್ಪ ಉದ್ದವೇ. ಯಾರೂ ಅತ್ತ ನೋಡಲಿಲ್ಲ. ನೋಡದಿರಲು ಪಡುತ್ತಿದ್ದ ಕಷ್ಟ ಮಾತ್ರ ಎಲ್ಲರ ಮುಖದಲ್ಲೂ ಕಾಣುತ್ತಿತ್ತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮೇಷ್ಟರು ನಿಲ್ಲಿಸುತ್ತಾರೆಯೇ? "ಹುಡುಗ ಹೇಳಿದ್ದು ಪೂರ್ತಿ ತಪ್ಪಲ್ಲ" ಎಂದು ಶುರುಮಾಡಿದೆ. ಶ್ರೂಡ್ ಹುಟ್ಟಿದ್ದು ಶ್ರೂ ಅನ್ನುವ ಪದದಿಂದಲೇ, 14ನೇ ಶತಮಾನದಲ್ಲಿ ಅದಕ್ಕೆ ದುಷ್ಟ, ಕೇಡಿಗ ಎಂಬ ಅರ್ಥವಿತ್ತು, ಆಮೇಲೆ ಕುಯುಕ್ತಿಯವ ಎಂದಾಗಿ, ನಿಧಾನವಾಗಿ ಸುಧಾರಿಸಿಕೊಂಡು ಈಗ ಹೊಗಳಿಕೆಯಾಗಿದೆ ಎಂದೆಲ್ಲ ವಿವರಿಸಿದೆ. 'ಈಗ' ತಲುಪುವಷ್ಟರಲ್ಲಿ ಬೀಗರು ಅಡಕತ್ತರಿ ಮಡಚಿ ಚೀಲಕ್ಕೆ ಹಾಕಿಯಾಗಿತ್ತು.

ಕನ್ನಡದ ಪದವೊಂದನ್ನು ಹಿಡಿದು ಬಚಾವಾಗೋಣವೆಂದರೆ ಒಂದೂ ಕೈಗೆ ಹತ್ತಲಿಲ್ಲ. ಕಿಲಾಡಿ ಅಂದರೆ ಹುಡುಗಾಟಿಕೆಯಾಯಿತು. ಘಾಟಿ ಅಂದರೆ ಮದುವೆಯೇ ಮುರಿಯುತ್ತದೆ. ಚಾಣಾಕ್ಷ ಸಭ್ಯವಾದ ಪದವೇ, ಆದರೆ ಪೇಪರಿನಲ್ಲಿ ಅದು ಬರುವುದು ಕಳ್ಳರ ಸುದ್ದಿಯಲ್ಲೇ ಹೆಚ್ಚು.

ಒಳಗಿನಿಂದ ಕಾಫಿ ತಂದ ನನ್ನವಳು ಲೋಟ ಇಡುತ್ತಾ, "ನೀವು ತುಂಬಾ ಹುಷಾರು ಅಂತ ಹೇಳೋಕೆ ಹೋದ್ರು, ಅಷ್ಟೇ" ಅಂದಳು.

ನಾನು ಬೆಚ್ಚಿದೆ. ನಮ್ಮ ಕಡೆ ಹುಷಾರು ಅಂದರೆ ಜ್ವರ ಬಿಟ್ಟಿದೆ ಎಂದರ್ಥ. ಪುತ್ತೂರಿನ ಕಡೆ ಹುಷಾರು ಅಂದರೆ ಬುದ್ಧಿವಂತ! ಬೀಗರ ಮುಖ ಅರಳಿತು. "ಅದನ್ನು ಮೊದ್ಲೇ ಹೇಳ್ಬಾರ್ದಾ?" ಎಂದು ಕಾಫಿ ಲೋಟ ಎತ್ತಿಕೊಂಡರು.

ಮದುವೆ ಸುಸೂತ್ರವಾಗಿ ಮುಗಿಯಿತು. ಮೂರನೇ ದಿನ ವಾಟ್ಸಾಪಿನಲ್ಲಿ ಲೆಕ್ಕ ಬಂತು: "ನಿಮ್ಮ ಕಡೆಯದ್ದು 37 ಎಲೆ ಜಾಸ್ತಿ. ದುಡ್ಡು ನಿಧಾನಕ್ಕೆ ಕಳ್ಸಿ. ಇತಿ, ಸೊಂಡಿಲಿ."