ಪ್ರೊಫೆಸರ್ ಹೇಳಿದ್ದೆಲ್ಲ ವಿಶ್ವವಿದ್ಯಾಲಯದ ಮಾತಲ್ಲ

ದೊಡ್ಡ ವಿಶ್ವವಿದ್ಯಾಲಯದ ವಿಜ್ಞಾನಿಯೇ ಹೇಳಿದ್ದಾರೆ, ಆದ್ದರಿಂದ ಅದು ಸಾಬೀತಾದ ವಿಷಯ ಎನ್ನುವ ಧಾಟಿಯ ಫಾರ್ವರ್ಡ್‌ಗಳು ಆಗಾಗ ಬರುತ್ತಿರುತ್ತವೆ. ಈ ತರ್ಕ ನಿಲ್ಲುವುದಿಲ್ಲ.

ಅಮೆರಿಕದಲ್ಲಿ ಅಧ್ಯಾಪಕರೂ ಕಾಲೇಜುಗಳೂ 1940ರಲ್ಲಿ ಒಪ್ಪಿಕೊಂಡ ಶೈಕ್ಷಣಿಕ ಸ್ವಾತಂತ್ರ್ಯದ ಹೇಳಿಕೆ ನೋಡಿ: ಅಧ್ಯಾಪಕರು ನಾಗರಿಕರಾಗಿ ಮಾತಾಡಿದರೆ ಸಂಸ್ಥೆ ಶಿಕ್ಷಿಸಬಾರದು, ತಾವು ಸಂಸ್ಥೆಯ ಪರವಾಗಿ ಮಾತಾಡುತ್ತಿಲ್ಲ ಎಂದು ಅವರೂ ತಿಳಿಸಬೇಕು. ಹಾಗಾಗಿ ವಿಶ್ವವಿದ್ಯಾಲಯ ಸುಮ್ಮನಿದ್ದ ಮಾತ್ರಕ್ಕೆ ಒಪ್ಪಿದಂತಲ್ಲ. ಸಂಶೋಧನಾ ಪ್ರಬಂಧದಲ್ಲಿ ಲೇಖಕರ ಜೊತೆ ಅಚ್ಚಾಗುವ ಸಂಸ್ಥೆಯ ಹೆಸರೂ ವಿಳಾಸವಷ್ಟೇ, ಮೊಹರಲ್ಲ.

ಪರಿಶೀಲಿಸುವುದು ಸುಲಭ. ಸಂದೇಶದಲ್ಲಿ ‘10.’ರಿಂದ ಶುರುವಾಗುವ ಡಿಒಐ ಸಂಖ್ಯೆ (ಪ್ರಬಂಧಗಳಿಗೆ ಕೊಡುವ ಗುರುತಿನ ಸಂಖ್ಯೆ) ಇದ್ದರೆ ಡಿಒಐ ಡಾಟ್ ಆರ್ಗ್ ತಾಣದಲ್ಲಿ ಹಾಕಿ, ಮೂಲ ಪುಟ ಸಿಗುತ್ತದೆ. ಅಲ್ಲಿ ‘ಪ್ರಿಪ್ರಿಂಟ್’ ಎಂದಿದ್ದರೆ ಅದು ಸಾಮಾನ್ಯವಾಗಿ ಬೇರೆ ತಜ್ಞರ ಪರಿಶೀಲನೆಗೆ ಮುಂಚಿನ ಪ್ರತಿ. ‘ರಿಟ್ರ್ಯಾಕ್ಟೆಡ್’ ಎಂದಿದ್ದರೆ ಹಿಂಪಡೆದದ್ದು. ಪ್ರಬಂಧವೇ ಇಲ್ಲ, ಬರೀ ಭಾಷಣದ ತುಣುಕೋ? ಆಗ ಅದು ಅಭಿಪ್ರಾಯ. ಹೇಳಿದವರ ಸಂಶೋಧನೆಯ ಕ್ಷೇತ್ರ ಯಾವುದೆಂದು ವಿಭಾಗದ ಪುಟದಲ್ಲಿ ಒಮ್ಮೆ ನೋಡಿಕೊಳ್ಳಿ.